ಪುಟ್ಟ ಕರ್ನಲ್‌ಗೆ ಥ್ರೆಡ್ ಸೇರಿಸಬೇಕು: 1:1 ಸಾಕಾ, ಎಂ:ಎನ್ ಬೇಕಾ?

ಅರೆಬರೆ_ಕರ್ನಲ್
ಎಲ್ಲರಿಗೂ ನಮಸ್ಕಾರ. ಓದಿನ ಪ್ರಾಜೆಕ್ಟ್‌ಗೆ ಎಕ್ಸ್‌ವಿ6 ಕರ್ನಲ್ (ಕಲಿಯುವವರಿಗೆಂದೇ ಬರೆದ ಪುಟ್ಟ ಓಎಸ್‌ನ ತಿರುಳು) ಇಟ್ಟುಕೊಂಡು ಕೂತಿದ್ದೇವೆ. ರಿಸ್ಕ್-ಫೈವ್ ಪ್ರೊಸೆಸರ್‌ನ ಆವೃತ್ತಿ, ಕ್ಯೂಎಮು ಅನ್ನುವ ನಕಲಿ ಮಷೀನ್‌ನಲ್ಲಿ ಓಡಿಸುತ್ತೇವೆ. ಅದರಲ್ಲಿ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಅಂದರೆ ಒಂದೇ ಥ್ರೆಡ್ (ಅದರೊಳಗೆ ಓಡುವ ಒಂದು ಕೆಲಸದ ಸಾಲು). ಒಂದು ಪ್ರೊಸೆಸ್ ಒಳಗೆ ಹಲವು ಥ್ರೆಡ್ ಓಡುವ ಹಾಗೆ ಮಾಡುವುದು ನಮ್ಮ ಕೆಲಸ.

ತಂಡದಲ್ಲಿ ಮೂರು ಜನ, ಮೂರು ಅಭಿಪ್ರಾಯ. ಒಬ್ಬ ಹೇಳುತ್ತಾನೆ, ಎಲ್ಲವನ್ನೂ ಯೂಸರ್ ಲೆವೆಲ್ ಲೈಬ್ರರಿಯಲ್ಲೇ ಮಾಡೋಣ, ಕರ್ನಲ್ ಮುಟ್ಟೋದೇ ಬೇಡ. ಅಂದರೆ ಎನ್:1. ಇನ್ನೊಬ್ಬಳಿಗೆ ಪ್ರತಿ ಥ್ರೆಡ್‌ಗೂ ಒಂದು ಕರ್ನಲ್ ಥ್ರೆಡ್ ಬೇಕು, ಅಂದರೆ 1:1. ನನಗೆ ಪಠ್ಯದಲ್ಲಿ ಓದಿದ ಎಂ:ಎನ್ ಇಷ್ಟ. ಸಾವಿರ ಯೂಸರ್ ಥ್ರೆಡ್, ಕೆಳಗೆ ನಾಲ್ಕೇ ಕರ್ನಲ್ ಥ್ರೆಡ್. ಎರಡರ ಲಾಭವೂ ಸಿಗುತ್ತದೆ ಅಂತ ಬರೆದಿದ್ದಾರೆ.

ಅಷ್ಟು ಒಳ್ಳೇದಾದರೆ ಲಿನಕ್ಸ್, ವಿಂಡೋಸ್ ಯಾಕೆ 1:1 ಹಿಡಿದು ಕೂತಿವೆ? ನಮಗಿರುವುದು ಆರು ವಾರ. ಯಾವುದು ಆರಿಸೋಣ?

ಸೆಮಾಫೋರ್_07
1:1. ಮುಗೀತು. ಈ ಥ್ರೆಡ್ ಲಾಕ್ ಮಾಡಿ.

ಲಾಕ್_ಬಿಡದವ
ಲಾಕ್ ಮಾಡಿದರೆ ಬಿಡೋದು ಯಾರು?

ಹಳೇ_ಪೇಜ್‌ಟೇಬಲ್
ಅರೆಬರೆ, ನಿಮ್ಮ ವಯಸ್ಸಲ್ಲಿ ನನಗೂ ಎಂ:ಎನ್ ಹುಚ್ಚಿತ್ತು. ಬಿಡಿಸಿದ್ದು ಸನ್ ಕಂಪನಿಯ ಓಎಸ್ ಸೋಲಾರಿಸ್.

ಸೋಲಾರಿಸ್ 2 ಬಂದಾಗ ಎಂ:ಎನ್ ಅಂದರೆ ಎಲ್ಲರಿಗೂ ಅಚ್ಚುಮೆಚ್ಚು. ಪ್ರೋಗ್ರಾಮ್‌ನ ಥ್ರೆಡ್‌ಗಳನ್ನು ಲೈಬ್ರರಿ ನೋಡಿಕೊಳ್ಳುತ್ತಿತ್ತು. ಕೆಳಗೆ ಕರ್ನಲ್‌ಗೆ ಕಾಣುವುದು ಎಲ್‌ಡಬ್ಲ್ಯುಪಿ ಮಾತ್ರ. ನಾನು ಆಗ ಒಂದು ಸರ್ವರ್ ಪ್ರೋಗ್ರಾಮ್ ನೋಡಿಕೊಳ್ಳುತ್ತಿದ್ದೆ. ಸಂಜೆ ಹೊತ್ತು ರಿಕ್ವೆಸ್ಟ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಸಿಪಿಯು ನೋಡಿದರೆ ಮುಕ್ಕಾಲು ಪಾಲು ಖಾಲಿ. ಮೆಮೊರಿ ಖಾಲಿ. ನೆಟ್‌ವರ್ಕ್ ಖಾಲಿ. ಓಡಲು ಸಿದ್ಧ ಇರುವ ಥ್ರೆಡ್ ಇನ್ನೂರು, ಆದರೆ ಒಂದೂ ಓಡುತ್ತಿಲ್ಲ.

ಎರಡು ದಿನ ತಲೆ ಚಚ್ಚಿಕೊಂಡ ಮೇಲೆ ಗೊತ್ತಾಯಿತು. ಇದ್ದಬದ್ದ ಎಲ್‌ಡಬ್ಲ್ಯುಪಿ ಎಲ್ಲ ಡಿಸ್ಕ್ ಓದುವ ಕಡೆ ಹೋಗಿ ಕೂತಿವೆ. ಮೇಲಿರುವ ಇನ್ನೂರು ಜನಕ್ಕೆ ಗಾಡಿಯೇ ಇಲ್ಲ. ಹೀಗಾದಾಗ ಕರ್ನಲ್ ಸಿಗ್‌ವೇಟಿಂಗ್ ಅಂತ ಒಂದು ಸಿಗ್ನಲ್ ಕಳಿಸುತ್ತದೆ, ಲೈಬ್ರರಿ ಇನ್ನೊಂದು ಎಲ್‌ಡಬ್ಲ್ಯುಪಿ ಹುಟ್ಟಿಸುತ್ತದೆ. ಆದರೆ ಆ ಸಿಗ್ನಲ್ ಬರುವುದು ಎಲ್ಲರೂ ಪೂರ್ತಿ ನಿಂತ ಮೇಲೆ. ಒಂದೇ ಒಂದು ಆಮೆ ಥರ ತೆವಳುತ್ತಿದ್ದರೂ ಅದು ಬರಲ್ಲ.

ಆಮೇಲೆ ಸೋಲಾರಿಸ್ 8 ಬಂತು. ಅದರಲ್ಲಿ ಪಕ್ಕದಲ್ಲಿ ಇನ್ನೊಂದು ಥ್ರೆಡ್ ಲೈಬ್ರರಿ ಇಟ್ಟಿದ್ದರು, ಶುದ್ಧ 1:1. ಕೋಡ್ ಮುಟ್ಟಲಿಲ್ಲ, ಮತ್ತೆ ಕಂಪೈಲ್ ಮಾಡಲಿಲ್ಲ. ಲೈಬ್ರರಿ ಪಾತ್ ಬದಲಿಸಿ ಪ್ರೋಗ್ರಾಮ್ ಮತ್ತೆ ಶುರು ಮಾಡಿದೆ, ಅಷ್ಟೇ. ಸಾಲು ಕರಗಿಹೋಯಿತು. 2002ರಲ್ಲಿ ಸೋಲಾರಿಸ್ 9 ಬಂದಾಗ ಸನ್‌ನವರೇ ಆ 1:1 ಲೈಬ್ರರಿಯನ್ನು ಮಾಮೂಲಿ ಲೈಬ್ರರಿ ಮಾಡಿಬಿಟ್ಟರು.

ಎಂ:ಎನ್ ಅನ್ನು ಎಲ್ಲರಿಗಿಂತ ಜಾಸ್ತಿ ನಂಬಿದ್ದವರೇ ಬಿಟ್ಟರು. ಅದರ ಮೇಲೆ ಯೋಚನೆ ಮಾಡಿ.

ಬರೀ_ಓದುಗ
ಸಾರ್, ಎಲ್‌ಡಬ್ಲ್ಯುಪಿ ಅಂದ್ರೇನು?

ಹಳೇ_ಪೇಜ್‌ಟೇಬಲ್
ಲೈಟ್‌ವೆಯ್ಟ್ ಪ್ರೊಸೆಸ್. ಹೆಸರು ದೊಡ್ಡದು, ವಿಷಯ ಸಣ್ಣದು. ಕರ್ನಲ್ ಷೆಡ್ಯೂಲ್ ಮಾಡುವ (ಯಾವಾಗ ಓಡಬೇಕು ಅಂತ ಆರಿಸುವ) ಒಂದು ಥ್ರೆಡ್, ಅಷ್ಟೇ.

ಹದಿನಾಲ್ಕು_ರಿಜಿಸ್ಟರ್
ಎಲ್ಲರೂ ಎನ್:1 ಪಕ್ಕಕ್ಕೆ ತಳ್ಳಬೇಡಿ. ಅರೆಬರೆ ಹತ್ತಿರ ಇರುವುದು ಆರು ವಾರ. ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಹಾರುವ ಎಕ್ಸ್‌ವಿ6ನ ಸ್ವಿಚ್ ಫೈಲ್ ತೆಗೆದು ನೋಡಿ. ಆರ್‌ಎ, ಎಸ್‌ಪಿ, ಎಸ್0ಯಿಂದ ಎಸ್11. ಒಟ್ಟು ಹದಿನಾಲ್ಕು ರಿಜಿಸ್ಟರ್ (ಸಿಪಿಯು ಒಳಗಿನ ಪುಟ್ಟ ಗೂಡುಗಳು). ಹದಿನಾಲ್ಕು ಸ್ಟೋರ್, ಹದಿನಾಲ್ಕು ಲೋಡ್, ಒಂದು ರಿಟರ್ನ್. ಥ್ರೆಡ್ ಬದಲಾಯಿತು. ಅದೇ ಫೈಲನ್ನು ಯೂಸರ್ ಪ್ರೋಗ್ರಾಮ್‌ಗೆ ಹಾಗೇ ನಕಲು ಮಾಡಿದರೂ ಓಡುತ್ತದೆ. ಟ್ರ್ಯಾಪ್ (ಕರ್ನಲ್‌ಗೆ ಹಾರುವುದು) ಇಲ್ಲ, ಪೇಜ್ ಟೇಬಲ್ (ಮೆಮೊರಿಯ ನಕ್ಷೆ) ಬದಲಾವಣೆ ಇಲ್ಲ, ಏನೂ ಇಲ್ಲ. ಇದಕ್ಕಿಂತ ಅಗ್ಗದ ಥ್ರೆಡ್ ಯಾರೂ ಕೊಡಲ್ಲ.

(ಉಳಿದ ರಿಜಿಸ್ಟರ್ ಯಾಕೆ ಉಳಿಸಲ್ಲ ಅಂತ ಯಾರಾದರೂ ಕೇಳುವ ಮುಂಚೆ: ಸ್ವಿಚ್ ಒಂದು ಮಾಮೂಲಿ ಫಂಕ್ಷನ್ ಕಾಲ್. ಮಿಕ್ಕವನ್ನು ಕರೆದವನ ಕಡೆಯ ಕೋಡೇ ಸ್ಟ್ಯಾಕ್‌ನಲ್ಲಿ, ಅಂದರೆ ಥ್ರೆಡ್‌ನ ಸ್ವಂತ ಕೆಲಸದ ಮೆಮೊರಿಯಲ್ಲಿ, ಉಳಿಸಿರುತ್ತದೆ.)

ಸೆಮಾಫೋರ್_07
ಅಗ್ಗ ಸರಿ. ಅದರಲ್ಲಿ ಒಂದು ಥ್ರೆಡ್ ರೀಡ್ ಕರೆದು ಡೇಟಾಗೆ ಕಾಯುತ್ತಾ ನಿಂತರೆ?

ಹದಿನಾಲ್ಕು_ರಿಜಿಸ್ಟರ್
ನಾನ್‌ಬ್ಲಾಕಿಂಗ್ ಮಾಡಿದರಾಯಿತು, ಕಾಯದೆ ತಕ್ಷಣ ವಾಪಸ್ ಬರುತ್ತದೆ.

ಸೆಮಾಫೋರ್_07
ಸಾಕೆಟ್‌ಗೆ ಮಾಡಬಹುದು, ಪೈಪ್‌ಗೂ ಸರಿ. ಡಿಸ್ಕ್‌ನಲ್ಲಿರುವ ಮಾಮೂಲಿ ಫೈಲ್‌ಗೆ? ಲಿನಕ್ಸ್‌ನಲ್ಲಿ ಓ_ನಾನ್‌ಬ್ಲಾಕ್ ಹಾಕಿದರೂ ಫೈಲ್ ರೀಡ್ ನಿಂತೇ ನಿಲ್ಲುತ್ತದೆ. ಯಾವುದು ಓದಲು ಸಿದ್ಧ ಅಂತ ಹೇಳುವ ಇಪೋಲ್‌ಗೆ ಫೈಲ್ ಕೊಟ್ಟು ನೋಡಿ, ಇಪರ್ಮ್ ಅನ್ನುವ ಎರರ್ ಮುಖಕ್ಕೇ ಎಸೆಯುತ್ತದೆ. ಇನ್ನು ಪೇಜ್ ಫಾಲ್ಟ್? ಅದಕ್ಕೆ ಯಾರ ಅನುಮತಿ ಕೇಳುತ್ತೀರಿ? ಒಬ್ಬ ಮುಟ್ಟಿದ ಪೇಜ್ ಮೆಮೊರಿಯಲ್ಲಿ ಇಲ್ಲದಿದ್ದರೆ ಇಡೀ ಪ್ರೊಸೆಸ್ ಮಲಗುತ್ತದೆ. ಕರ್ನಲ್‌ಗೆ ಕಾಣುವುದು ಒಬ್ಬನೇ.

ಅದೂ ಸಾಲದೆ ಎಂಟು ಕೋರ್ ಇರುವ ಮಷೀನ್‌ನಲ್ಲಿ ಏಳು ಸುಮ್ನೆ ಕೂರುತ್ತವೆ.

ಹದಿನಾಲ್ಕು_ರಿಜಿಸ್ಟರ್
ಎಕ್ಸ್‌ವಿ6ನಲ್ಲಿ ಸ್ವಾಪೇ (ಮೆಮೊರಿ ಪೇಜನ್ನು ಡಿಸ್ಕ್‌ಗೆ ತಳ್ಳುವುದು) ಇಲ್ಲ ಮಾರಾಯ, ಪೇಜ್ ಫಾಲ್ಟ್‌ಗೆ ಡಿಸ್ಕ್ ಕಡೆ ಹೋಗೋದು ಎಲ್ಲಿಂದ ಬಂತು. ಕೋರ್ ವಿಷಯ ಒಪ್ಪಿದೆ.

ಗೋರೂಟಿನ್_ಗೆಳತಿ
ಎಂ:ಎನ್ ಸತ್ತಿತು ಅಂತ ಶ್ರದ್ಧಾಂಜಲಿ ಬರೆಯುತ್ತಿರುವವರಿಗೆ ಒಂದು ಸುದ್ದಿ. ಅದು ಚೆನ್ನಾಗಿದೆ, ನನ್ನ ಕೆಲಸ ಪೂರ್ತಿ ಅದರ ಮೇಲೇ ನಡೆಯುತ್ತದೆ. ಗೋ ಭಾಷೆಯ ಗೋರೂಟಿನ್ ಎಂ:ಎನ್ ಅಲ್ಲದೆ ಇನ್ನೇನು? ಜಿ ಅಂದರೆ ಗೋರೂಟಿನ್, ಎಂ ಅಂದರೆ ಓಎಸ್ ಥ್ರೆಡ್, ಪಿ ಅಂದರೆ ಓಡಲು ಬೇಕಾದ ಪರವಾನಗಿ. ಪಿ ಎಷ್ಟು ಅಂದರೆ ಸಾಮಾನ್ಯವಾಗಿ ಸಿಪಿಯು ಎಷ್ಟೋ ಅಷ್ಟು (ಗೋ 1.5ರಿಂದ ಹೀಗೆ). ಒಂದು ಗೋರೂಟಿನ್ ಸಿಸ್ಟಂ ಕಾಲ್‌ನಲ್ಲಿ (ಕರ್ನಲ್‌ಗೆ ಕೇಳಿದ ಕೆಲಸ) ಸಿಕ್ಕಿಕೊಂಡರೆ ಸಿಸ್‌ಮಾನ್ ಅನ್ನುವ ಕಾವಲುಗಾರ ಥ್ರೆಡ್ ಆ ಪಿಯನ್ನು ಕಿತ್ತು ಬೇರೆ ಎಂಗೆ ಕೊಡುತ್ತದೆ. ಸೋಲಾರಿಸ್ ಸಾರ್ ಹೇಳಿದ ಕಥೆ ಇಲ್ಲಿ ನಡೆಯಲ್ಲ.

ಗೋರೂಟಿನ್ 2 ಕೆಬಿ ಸ್ಟ್ಯಾಕ್‌ನಿಂದ ಶುರುವಾಗುತ್ತದೆ. ಓಎಸ್ ಥ್ರೆಡ್‌ಗೆ 8 ಎಂಬಿ. ಲಕ್ಷ ಥ್ರೆಡ್ ಬೇಕಾದರೆ ಲೆಕ್ಕ ಹಾಕಿಕೊಳ್ಳಿ.

ನಿದ್ದೆಗೆಟ್ಟ_ಥ್ರೆಡ್
ಮೇಡಂ, ಆ 8 ಎಂಬಿ ಲೆಕ್ಕ ಎಲ್ಲರೂ ಹೇಳುತ್ತಾರೆ, ಎಲ್ಲರೂ ತಪ್ಪು ಹೇಳುತ್ತಾರೆ. ಅದು ವರ್ಚುಯಲ್ ಅಡ್ರೆಸ್ ಜಾಗ. ಥ್ರೆಡ್ ಮುಟ್ಟಿದ ಪೇಜ್‌ಗೆ ಮಾತ್ರ ನಿಜವಾದ ಮೆಮೊರಿ ಸಿಗುತ್ತದೆ. 64 ಬಿಟ್‌ನಲ್ಲಿ ಅಡ್ರೆಸ್ ಜಾಗಕ್ಕೆ ಬರ ಇಲ್ಲ.

32 ಬಿಟ್ ಕಾಲದಲ್ಲಿ ಆ ಲೆಕ್ಕ ಸರಿ ಇತ್ತು. ಯೂಸರ್‌ಗೆ 3 ಜಿಬಿ, ಭಾಗಿಸು 8 ಎಂಬಿ, ಬಂದದ್ದು 384. ಅಷ್ಟಕ್ಕೇ ಅಡ್ರೆಸ್ ಜಾಗ ಮುಗಿಯುತ್ತಿತ್ತು. "ಥ್ರೆಡ್ ಅಂದರೆ ಭಾರ" ಅನ್ನುವ ಮಾತಿಗೆ ಆ ಕಾಲವೂ ಒಂದು ಕಾರಣ.

ನಿಜವಾದ ಖರ್ಚು ಬೇರೆ ಕಡೆ ಇದೆ. ಎಕ್ಸ್86-64 ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ಗೆ 16 ಕೆಬಿ ಕರ್ನಲ್ ಸ್ಟ್ಯಾಕ್. ಇದು ಸ್ವಾಪ್ ಕೂಡ ಆಗಲ್ಲ. ಲಕ್ಷ ಥ್ರೆಡ್ ಅಂದರೆ ಅದೊಂದೇ 1.6 ಜಿಬಿ.

ಗೋರೂಟಿನ್_ಗೆಳತಿ
ಒಪ್ಪಿದೆ, 8 ಎಂಬಿ ವಾಪಸ್ ತಗೊಂಡೆ. ಆದರೂ ನೀವೇ 1.6 ಜಿಬಿ ಅಂದಿರಿ ಅಲ್ವಾ. ನಾನು ಗೆದ್ದೆ.

ನಿದ್ದೆಗೆಟ್ಟ_ಥ್ರೆಡ್
ಲಕ್ಷ ಥ್ರೆಡ್ ನಿಜಕ್ಕೂ ಎಷ್ಟು ಜನಕ್ಕೆ ಬೇಕು ಅಂತ ಮೊದಲು ಹೇಳಿ.

ಈವೆಂಟ್‌ಲೂಪ್_ಭಕ್ತ
ಯಾರಿಗೂ ಬೇಡ. ಥ್ರೆಡ್ಡೇ ಬೇಡ. ಒಂದು ಲೂಪ್, ಒಂದು ಇಪೋಲ್, ಹತ್ತು ಸಾವಿರ ಕನೆಕ್ಷನ್. 1999ರಲ್ಲೇ ಡ್ಯಾನ್ ಕೆಗೆಲ್ ಸಿ10ಕೆ ಅಂತ ಈ ಪ್ರಶ್ನೆ ಎತ್ತಿ ಬರೆದಾಗಿದೆ. ಇನ್ನೂ ಥ್ರೆಡ್ ಥ್ರೆಡ್ ಅಂತ ಕೂತಿದ್ದೀರಿ.

ಲಾಕ್_ಬಿಡದವ
ಬಂದ್ರಪ್ಪಾ.

ಸೆಮಾಫೋರ್_07
ಭಕ್ತರೇ, ಅವರು ಬರೆಯುತ್ತಿರುವುದು ಓಎಸ್. ನಿಮ್ಮ ಲೂಪ್ ಓಡಬೇಕಾದರೂ ಕೆಳಗೆ ಒಂದು ಥ್ರೆಡ್ ಬೇಕು. ನಿಮ್ಮ ಲೂಪ್‌ನಲ್ಲಿ ಒಬ್ಬ ದೊಡ್ಡ ಫೈಲ್ ಓದಲು ಹೋದರೆ ಏನು ಮಾಡುತ್ತೀರಿ? ಹಿಂದೆ ಒಂದು ಥ್ರೆಡ್ ಪೂಲ್ ಇಟ್ಟುಕೊಂಡಿರುತ್ತೀರಿ. ನೋಡ್.ಜೆಎಸ್‌ನ ಕೆಳಗಿರುವ ಲಿಬ್‌ಯುವಿ ಲೈಬ್ರರಿ ಮಾಡುವುದು ಇದನ್ನೇ.

ಈವೆಂಟ್‌ಲೂಪ್_ಭಕ್ತ
ಈಗ ಲಿನಕ್ಸ್‌ನಲ್ಲಿ ಐಒ_ಯುರಿಂಗ್ ಇದೆ, ಕೆಲಸ ಕೊಟ್ಟು ಕಾಯದೆ ಮುಂದೆ ಹೋಗಬಹುದು. 2019ರಿಂದ.

ಸೆಮಾಫೋರ್_07
ಅದು ಕೂಡ ತಾನಾಗಿ ಆಗದ ಕೆಲಸವನ್ನು ಕರ್ನಲ್ ಒಳಗಿನ ವರ್ಕರ್ ಥ್ರೆಡ್‌ಗೆ ದಾಟಿಸುತ್ತದೆ. ಎಲ್ಲಿ ಹೋದರೂ ಥ್ರೆಡ್ ನಿಮ್ಮನ್ನು ಬಿಡಲ್ಲ.

ಪಿಐಡಿ_ಎಣಿಸುವವ
ಲಿನಕ್ಸ್ ಯಾಕೆ 1:1 ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ನಾನು ಹೇಳುತ್ತೇನೆ.

ಲಿನಕ್ಸ್‌ನಲ್ಲಿ ಮೊದಲು ಇದ್ದದ್ದು ಲಿನಕ್ಸ್‌ಥ್ರೆಡ್ಸ್, ಕ್ಸೇವಿಯರ್ ಲೆರಾಯ್ ಬರೆದದ್ದು. ಅದೂ 1:1 ಆಗಿತ್ತು, ಆದರೆ ತೇಪೆ ಹಾಕಿದ 1:1. ಪ್ರತಿ ಥ್ರೆಡ್‌ಗೂ ಬೇರೆ ಪಿಐಡಿ (ಪ್ರೊಸೆಸ್ ನಂಬರ್). ಒಂದೇ ಪ್ರೋಗ್ರಾಮ್‌ನ ಎರಡು ಥ್ರೆಡ್ ಗೆಟ್‌ಪಿಐಡಿ ಕರೆದರೆ ಎರಡು ಬೇರೆ ಉತ್ತರ! ಓಡುತ್ತಿರುವ ಪ್ರೊಸೆಸ್ ತೋರಿಸುವ ಪಿಎಸ್ ಹೊಡೆದರೆ ಒಂದೇ ಪ್ರೋಗ್ರಾಮ್ ಮೂವತ್ತು ಸಾಲು ಕಾಣುತ್ತಿತ್ತು. ಥ್ರೆಡ್ ಹುಟ್ಟಿಸಲು, ಸಾಯಿಸಲು ಮಧ್ಯದಲ್ಲಿ ಒಬ್ಬ ಮ್ಯಾನೇಜರ್ ಥ್ರೆಡ್. ಒಬ್ಬರನ್ನೊಬ್ಬರು ಎಬ್ಬಿಸಲು ಸಿಗ್ನಲ್.

ಇದನ್ನು ಸರಿ ಮಾಡಲು ಎರಡು ಗುಂಪು ಹೊರಟವು. ಐಬಿಎಂನವರು ಎನ್‌ಜಿಪಿಟಿ ಅಂತ ಎಂ:ಎನ್ ಮಾಡಲು ಹೋದರು. ರೆಡ್ ಹ್ಯಾಟ್‌ನ ಉಲ್ರಿಚ್ ಡ್ರೆಪ್ಪರ್, ಇಂಗೋ ಮೋಲ್ನಾರ್ ಎನ್‌ಪಿಟಿಎಲ್ ಅಂತ 1:1 ಹಿಡಿದರು. ಅವರ ಪರೀಕ್ಷೆಯಲ್ಲಿ ಒಂದು ಲಕ್ಷ ಥ್ರೆಡ್ ಶುರು ಮಾಡಲು ಎರಡು ಸೆಕೆಂಡ್ ಸಾಕಾಯಿತು. ಹಳೇ ಕರ್ನಲ್‌ನಲ್ಲಿ ಅದಕ್ಕೆ ಹದಿನೈದು ನಿಮಿಷ ಹಿಡಿಯುತ್ತಿತ್ತು. 2003ರಲ್ಲಿ ಐಬಿಎಂನವರು ಎನ್‌ಜಿಪಿಟಿ ಕೈಬಿಟ್ಟರು. ಅದೇ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್‌ನಲ್ಲಿ ಎನ್‌ಪಿಟಿಎಲ್‌ಗೆ ಬೇಕಾದ್ದೆಲ್ಲ ಇತ್ತು.

ಹೇಗೆ ಗೆದ್ದರು ಅನ್ನೋದು ಮುಖ್ಯ. "ಕರ್ನಲ್ ಥ್ರೆಡ್ ನಿಧಾನ, ಅದಕ್ಕೇ ಎಂ:ಎನ್" ಅಂತ ಎಲ್ಲರೂ ಅನ್ನುತ್ತಿದ್ದಾಗ ಇವರು ಕರ್ನಲ್ ಥ್ರೆಡ್ಡನ್ನೇ ಬೇಗ ಓಡುವ ಹಾಗೆ ಮಾಡಿದರು. ಥ್ರೆಡ್ ಎಷ್ಟಿದ್ದರೂ ಒಂದೇ ಹೊತ್ತು ತಗೊಳ್ಳುವ ಓ(1) ಷೆಡ್ಯೂಲರ್. ಮತ್ತೆ ಫ್ಯೂಟೆಕ್ಸ್. ಲಾಕ್‌ಗೆ (ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಅಂತ ಹಾಕುವ ಬೀಗ) ಯಾರೂ ಕಾದಿಲ್ಲ ಅಂದರೆ ಯೂಸರ್ ಮೆಮೊರಿಯಲ್ಲೇ ಒಂದು ಅಟಾಮಿಕ್ ಆಪರೇಷನ್, ಕರ್ನಲ್ ಬಾಗಿಲು ತಟ್ಟುವುದೇ ಇಲ್ಲ. ಜಗಳ ಬಿದ್ದಾಗ ಮಾತ್ರ ಸಿಸ್ಟಂ ಕಾಲ್. ಎಂ:ಎನ್ ಕೊಡುತ್ತೇನೆ ಅಂದ ಲಾಭದಲ್ಲಿ ದೊಡ್ಡ ಪಾಲು ಅಲ್ಲೇ ಕರಗಿತು.

ಬರೀ_ಓದುಗ
ಈಗ ಪಿಎಸ್ ಹೊಡೆದರೆ ಒಂದೇ ಸಾಲು ಬರುತ್ತಲ್ಲ?

ಪಿಐಡಿ_ಎಣಿಸುವವ
ಹೌದು. ಥ್ರೆಡ್ ನೋಡಬೇಕಾದರೆ ಪಿಎಸ್‌ಗೆ ದೊಡ್ಡಕ್ಷರದ ಎಲ್ ಆಪ್ಷನ್ ಕೊಡಿ. ಇಲ್ಲವಾದರೆ ಪ್ರೊಕ್ ಒಳಗೆ ಆ ಪಿಐಡಿಯ ಟಾಸ್ಕ್ ಡೈರೆಕ್ಟರಿ ತೆರೆಯಿರಿ. ಕರ್ನಲ್‌ಗೆ ಇವತ್ತಿಗೂ ಥ್ರೆಡ್ ಅಂದರೂ ಟಾಸ್ಕೇ, ಪ್ರೊಸೆಸ್ ಅಂದರೂ ಟಾಸ್ಕೇ. ಹೊಸ ಟಾಸ್ಕ್ ಹುಟ್ಟಿಸುವ ಕ್ಲೋನ್ ಕರೆಯುವಾಗ ಯಾವುದನ್ನು ಹಂಚಿಕೊಳ್ಳಬೇಕು ಅಂತ ಹೇಳುತ್ತೀರೋ ಅದರ ಮೇಲೆ ಹೆಸರು.

ರಾಕ್ಷಸ_ಬಾಲ
ನಮ್ಮ ಬಿಎಸ್‌ಡಿ (ಯುನಿಕ್ಸ್ ವಂಶದ ಓಎಸ್‌ಗಳು) ಕಡೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಫ್ರೀಬಿಎಸ್‌ಡಿ 5ರಲ್ಲಿ ಕೆಎಸ್‌ಇ ಅಂತ ಎಂ:ಎನ್ ತಂದರು. ವರ್ಷಗಟ್ಟಲೆ ಒದ್ದಾಡಿದರು. 2008ರಲ್ಲಿ 7.0 ಬಂದಾಗ 1:1 ಲಿಬ್‌ಥರ್ ಮಾಮೂಲಿ ಆಯಿತು. 8.0ರಲ್ಲಿ ಕೆಎಸ್‌ಇ ಕೋಡನ್ನೇ ಕಿತ್ತು ಹಾಕಿದರು. ನೆಟ್‌ಬಿಎಸ್‌ಡಿ 2.0ರಲ್ಲಿ ಷೆಡ್ಯೂಲರ್ ಆಕ್ಟಿವೇಷನ್ ಹಾಕಿತು, 2009ರಲ್ಲಿ 5.0 ಬಂದಾಗ ಅದನ್ನು ಬಿಟ್ಟು 1:1 ಆಯಿತು.

ಸೋಲಾರಿಸ್, ಎನ್‌ಜಿಪಿಟಿ, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ. ನಾಲ್ಕು ತಂಡ ಹೋದ ದಾರಿಯಲ್ಲಿ ಮೂರು ವಿದ್ಯಾರ್ಥಿಗಳು ಆರು ವಾರದಲ್ಲಿ ಹೋಗಿ ಬರುತ್ತೀರಾ?

ಅರೆಬರೆ_ಕರ್ನಲ್
ಅಯ್ಯೋ. ಷೆಡ್ಯೂಲರ್ ಆಕ್ಟಿವೇಷನ್ ಹೆಸರು ಪಠ್ಯದಲ್ಲಿ ಒಂದೇ ಪ್ಯಾರಾ ಇತ್ತು. ಅದು ಎಂ:ಎನ್ ಸಮಸ್ಯೆಗೆ ಪರಿಹಾರ ಅಂತ ಬರೆದಿದ್ದರು.

ಹಳೇ_ಪೇಜ್‌ಟೇಬಲ್
ಕಾಗದದ ಮೇಲೆ ಬಹಳ ಚೆಂದ. 1991ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಂಡರ್ಸನ್ ಮತ್ತು ಮೂವರು ಸಂಗಡಿಗರು ತಂದ ವಿಚಾರ. ಸಾಮಾನ್ಯವಾಗಿ ಯೂಸರ್ ಕಡೆಯವರು ಕರ್ನಲ್ ಕರೆಯುತ್ತಾರೆ. ಇಲ್ಲಿ ಕರ್ನಲ್ಲೇ ಮೇಲಕ್ಕೆ ಕರೆಯುತ್ತದೆ: "ನಿನ್ನ ಒಂದು ಥ್ರೆಡ್ ಡಿಸ್ಕ್‌ಗೆ ಕಾಯುತ್ತಾ ನಿಂತಿತು, ತಗೋ ಇನ್ನೊಂದು ಪ್ರೊಸೆಸರ್, ಬೇರೆ ಯಾರನ್ನಾದರೂ ಓಡಿಸು." ಮುಗಿದಾಗ ಮತ್ತೆ ಕರೆಯುತ್ತದೆ.

ಈಗ ಒಂದು ಕ್ಷಣ ಯೋಚಿಸಿ. ಆ ಕರೆ ಬಂದ ಹೊತ್ತಿನಲ್ಲಿ ಲೈಬ್ರರಿಯ ರೆಡಿ ಕ್ಯೂ ಲಾಕ್ ಹಿಡಿದ ಥ್ರೆಡ್ಡೇ ನಿಂತಿದ್ದರೆ? ಕರೆ ಎತ್ತಿಕೊಂಡವನಿಗೂ ಅದೇ ಲಾಕ್ ಬೇಕು. ಅದಕ್ಕೆ ಅವರೇ ಒಂದು ಉಪಾಯ ಹೇಳಿದ್ದಾರೆ: ನಿಂತವನನ್ನು ಲಾಕ್ ಬಿಡುವ ತನಕ ಓಡಿಸಿ, ಆಮೇಲೆ ಮುಂದುವರಿಯಿರಿ. ಉಪಾಯ ಸರಿ. ಇಂಥ ಮೂಲೆಗಳು ನಲವತ್ತು ಬಂದಾಗ ಏನಾಗುತ್ತದೆ ಅಂತ ಬಾಲದವರು ಮೇಲೆ ಹೇಳಿದ್ದಾರಲ್ಲ. ಸಿಗ್ನಲ್ ಯಾರಿಗೆ ಕೊಡಬೇಕು, ಡಿಬಗರ್ ಯಾರನ್ನು ತೋರಿಸಬೇಕು, ಪ್ರಯಾರಿಟಿ ಅಂದರೆ ಯಾರ ಪ್ರಯಾರಿಟಿ.

ಲಾಕ್_ಬಿಡದವ
ಒಂದು ಮನೆಗೆ ಇಬ್ಬರು ಯಜಮಾನರು. ಒಬ್ಬ ಏನು ಮಾಡುತ್ತಾನೋ ಇನ್ನೊಬ್ಬನಿಗೆ ಗೊತ್ತಿಲ್ಲ.

ಮಂಗಳ_ಗ್ರಹದಿಂದ
ಪ್ರಯಾರಿಟಿ ಅಂದ ತಕ್ಷಣ ಬಂದೆ. 1997ರ ಮಾರ್ಸ್ ಪಾತ್‌ಫೈಂಡರ್ ನೌಕೆ! ಹವಾಮಾನ ನೋಡುವ ಕಡಿಮೆ ಪ್ರಯಾರಿಟಿ ಟಾಸ್ಕ್ ಮ್ಯೂಟೆಕ್ಸ್ ಅನ್ನುವ ಲಾಕ್ ಹಿಡಿದಿತ್ತು. ಅದಕ್ಕಾಗಿ ಡೇಟಾ ಸಾಗಿಸುವ ಬಸ್ ನೋಡಿಕೊಳ್ಳುವ, ಪ್ರಯಾರಿಟಿಯಲ್ಲಿ ದೊಡ್ಡ ಟಾಸ್ಕ್ ಕಾಯುತ್ತಿತ್ತು. ಮಧ್ಯಮ ಪ್ರಯಾರಿಟಿಯವನು ಬಂದು ಸಣ್ಣವನನ್ನು ಓಡಲು ಬಿಡಲಿಲ್ಲ. ವಾಚ್‌ಡಾಗ್ ನೋಡಿ ನೋಡಿ ಇಡೀ ಸಿಸ್ಟಂ ರೀಸೆಟ್ ಮಾಡಿತು, ಒಂದಲ್ಲ ಹಲವು ಸಲ. ಅದರ ಓಎಸ್ ವಿಎಕ್ಸ್‌ವರ್ಕ್ಸ್‌ನಲ್ಲಿ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಲಾಕ್ ಹಿಡಿದವನಿಗೆ ಕಾಯುವವನ ಪ್ರಯಾರಿಟಿ ಕೊಡುವುದು) ಇತ್ತು, ಆ ಮ್ಯೂಟೆಕ್ಸ್‌ಗೆ ಆನ್ ಮಾಡಿರಲಿಲ್ಲ. ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು.

ಸೆಮಾಫೋರ್_07
ಕಥೆ ಚೆನ್ನಾಗಿದೆ. ಥ್ರೆಡಿಂಗ್ ಮಾಡೆಲ್‌ಗೂ ಇದಕ್ಕೂ ಏನು ಸಂಬಂಧ?

ಮಂಗಳ_ಗ್ರಹದಿಂದ
ಒಂದೇ ಷೆಡ್ಯೂಲರ್ ಇದ್ದಾಗಲೇ ಹೀಗಾಯಿತು. ಎರಡು ಇದ್ದರೆ ಇನ್‌ಹೆರಿಟೆನ್ಸ್ ಯಾರ ಕೈಯಲ್ಲಿ ಮಾಡಿಸುತ್ತೀರಿ? ಅಷ್ಟೇ ನನ್ನ ಮಾತು. ಕಥೆ ಹೇಳಬೇಕು ಅಂತಲೂ ಇತ್ತು, ಸುಳ್ಳು ಹೇಳಲ್ಲ.

ಗೋರೂಟಿನ್_ಗೆಳತಿ
ಇಷ್ಟೆಲ್ಲ ಭಯ ಹುಟ್ಟಿಸಿ ಕೊನೆಗೆ ಗೋ ಯಾಕೆ ಓಡುತ್ತಿದೆ ಅಂತ ಯಾರೂ ಹೇಳುತ್ತಿಲ್ಲ.

ಪಿಐಡಿ_ಎಣಿಸುವವ
ಯಾಕೆಂದರೆ ಗೋ ತನ್ನ ಪ್ರಪಂಚ ತಾನೇ ಕಟ್ಟಿಕೊಂಡಿದೆ. ಕಂಪೈಲರ್ ಅವರದೇ, ಸ್ಟ್ಯಾಕ್ ಅವರದೇ, ಕಸ (ಬೇಡವಾದ ಮೆಮೊರಿ) ಗುಡಿಸುವವರೂ ಅವರೇ. ಸ್ಟ್ಯಾಕ್ ಸಾಲದಿದ್ದರೆ ದೊಡ್ಡ ಜಾಗಕ್ಕೆ ನಕಲು ಮಾಡಿ ಪಾಯಿಂಟರ್ ತಿದ್ದುತ್ತದೆ. ಸಿ ಪ್ರೋಗ್ರಾಮ್‌ನಲ್ಲಿ ಆ ಕೆಲಸ ಮಾಡಿ ನೋಡಿ. ಯಾವುದು ಪಾಯಿಂಟರ್, ಯಾವುದು ನಂಬರ್ ಅಂತಲೇ ಗೊತ್ತಾಗಲ್ಲ. ಓಎಸ್ ಕೊಡುವ ಥ್ರೆಡ್ ಯಾವ ಭಾಷೆಯ ಯಾವ ಕೋಡ್ ಬಂದರೂ ಹೊರಬೇಕು. ಒಂದು ಭಾಷೆಯ ಜೊತೆ ಬರುವ ರನ್‌ಟೈಮ್‌ಗೆ ಆ ಹೊರೆ ಇಲ್ಲ.

ರಸ್ಟ್ ಭಾಷೆಯವರಿಗೂ ಮೊದಲು ಗ್ರೀನ್ ಥ್ರೆಡ್ (ಓಎಸ್ ಅಲ್ಲ, ರನ್‌ಟೈಮ್ ನೋಡಿಕೊಳ್ಳುವ ಥ್ರೆಡ್) ಇತ್ತು. 1.0 ಬರುವ ಮುಂಚೆಯೇ ತೆಗೆದರು.

ಗೋರೂಟಿನ್_ಗೆಳತಿ
ಸರಿ, ಇದು ಒಪ್ಪುವ ಮಾತು. ನಮ್ಮ ಕಡೆಯೂ ಎಲ್ಲ ಸುಸೂತ್ರ ಇರಲಿಲ್ಲ ಬಿಡಿ. ಗೋ 1.14ಕ್ಕೆ ಮುಂಚೆ ನಾನೇ ಒಂದು ಸಲ ಸಿಕ್ಕಿಕೊಂಡಿದ್ದೆ. ಒಂದು ಗೋರೂಟಿನ್‌ನಲ್ಲಿ ಬಿಗಿ ಲೂಪ್, ಒಳಗೆ ಬರೀ ಕೂಡುವುದು ಕಳೆಯುವುದು, ಒಂದೂ ಫಂಕ್ಷನ್ ಕಾಲ್ ಇಲ್ಲ. ಮಧ್ಯ ಕಸ ಗುಡಿಸುವ ಹೊತ್ತು ಬಂತು. ಎಲ್ಲರೂ ನಿಲ್ಲಿ ಅಂತ ರನ್‌ಟೈಮ್ ಕೂಗಿತು, ಎಲ್ಲರೂ ನಿಂತರು, ಈ ಒಬ್ಬ ಮಾತ್ರ ಕೇಳಿಸಿಕೊಳ್ಳಲೇ ಇಲ್ಲ. ಉಳಿದವರು ಅವನಿಗಾಗಿ ಕಾದರು. ಪ್ರೋಗ್ರಾಮ್ ಕಲ್ಲಾಗಿ ನಿಂತಿತು, ಒಂದು ಕೋರ್ ಮಾತ್ರ ನೂರಕ್ಕೆ ನೂರು. 2020ರ 1.14ರಿಂದ ಸಿಗ್ನಲ್ ಕಳಿಸಿ ಅಂಥವನನ್ನೂ ನಿಲ್ಲಿಸುತ್ತಾರೆ.

ಜಾರ್_ಫೈಲ್
ಜಾವಾ ಕಥೆ ಇನ್ನೂ ಮಜಾ. ಶುರುವಿನಲ್ಲಿ ಗ್ರೀನ್ ಥ್ರೆಡ್, ಎನ್:1. ಅದನ್ನು ಬಿಸಾಕಿ ಓಎಸ್ ಥ್ರೆಡ್‌ಗೆ ಬಂದರು. 2023ರಲ್ಲಿ ಜಾವಾ 21ರ ಜೊತೆ ವರ್ಚುಯಲ್ ಥ್ರೆಡ್, ಅಂದರೆ ಎಂ:ಎನ್. ಅದರಲ್ಲೂ ಒಂದು ಮುಳ್ಳು: ಸಿಂಕ್ರನೈಸ್ಡ್ ಬ್ಲಾಕ್ (ಲಾಕ್ ಹಿಡಿದು ಓಡುವ ಕೋಡ್) ಒಳಗೆ ನಿಂತರೆ ಕೆಳಗಿನ ಓಎಸ್ ಥ್ರೆಡ್ಡೂ ಅಂಟಿಕೊಂಡು ನಿಲ್ಲುತ್ತಿತ್ತು. ಎಲ್ಲ ಓಎಸ್ ಥ್ರೆಡ್ ಹೀಗೆ ಅಂಟಿದರೆ ಸೋಲಾರಿಸ್ ಸಾರ್ ಹೇಳಿದ ಸಂಜೆಯ ಸಾಲು ಮತ್ತೆ. 2025ರ ಜಾವಾ 24ರಲ್ಲಿ ಆ ಅಂಟು ಹೆಚ್ಚುಕಡಿಮೆ ಬಿಡಿಸಿದರು.

ಹಳೇ_ಪೇಜ್‌ಟೇಬಲ್
ನೋಡಿದಿರಾ. ಇಪ್ಪತ್ತೈದು ವರ್ಷ ಆದ ಮೇಲೂ ಅದೇ ಮುಳ್ಳು.

ಕಿಟಕಿ_ಪಕ್ಕ
ವಿಂಡೋಸ್‌ನವರೂ ಒಂದು ಕೈ ನೋಡಿದ್ದಾರೆ. ಎನ್‌ಟಿ ಮೊದಲಿಂದ 1:1. ಪಕ್ಕದಲ್ಲಿ ಫೈಬರ್ (ಪ್ರೋಗ್ರಾಮ್ ತಾನೇ ಬದಲಿಸುವ ಹಗುರ ಥ್ರೆಡ್) ಇತ್ತು, ಬಳಸಿದವರು ಕಡಿಮೆ. 64 ಬಿಟ್ ವಿಂಡೋಸ್ 7ರಲ್ಲಿ ಯೂಸರ್ ಮೋಡ್ ಷೆಡ್ಯೂಲಿಂಗ್ ಅಂತ ತಂದರು. ವಿಂಡೋಸ್ 11ರಲ್ಲಿ ಅದಕ್ಕೆ ಬೆಂಬಲ ಇಲ್ಲ. ಇದನ್ನೂ ಪಟ್ಟಿಗೆ ಸೇರಿಸಿ.

ಅರೆಬರೆ_ಕರ್ನಲ್
ಸರಿ ಸರಿ, ಸೋತೆ. 1:1. ತಂಡದವಳು ಇದನ್ನು ಓದಿ ನಗುತ್ತಿದ್ದಾಳೆ.

ಈಗ ನಿಜವಾದ ಪ್ರಶ್ನೆ. ಎಕ್ಸ್‌ವಿ6ನಲ್ಲಿ ಹೇಗೆ? ನಮ್ಮ ಯೋಚನೆ: ಪ್ರತಿ ಥ್ರೆಡ್‌ಗೂ ಒಂದು ಸ್ಟ್ರಕ್ಟ್ ಪ್ರೊಕ್ (ಕರ್ನಲ್ ಇಡುವ ಪ್ರೊಸೆಸ್ ದಾಖಲೆ), ಪೇಜ್ ಟೇಬಲ್ ಮಾತ್ರ ಹಂಚಿಕೊಳ್ಳೋದು. ಸಾಕಾ?

ರಿಸ್ಕ್‌ಫೈವ್_ಹುಚ್ಚ
ಹೆಚ್ಚುಕಡಿಮೆ ಸಾಕು. ಆದರೆ ಮೂರು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ.

ಮೊದಲನೇದು ಟ್ರ್ಯಾಪ್‌ಫ್ರೇಮ್, ಕರ್ನಲ್‌ಗೆ ಹೋಗುವಾಗ ಯೂಸರ್ ರಿಜಿಸ್ಟರ್ ಉಳಿಸುವ ಪೇಜ್. ಪ್ರತಿ ಪ್ರೊಸೆಸ್‌ನ ಪೇಜ್ ಟೇಬಲ್‌ನಲ್ಲೂ ಅದು ಒಂದೇ ಅಡ್ರೆಸ್‌ನಲ್ಲಿ ಕೂತಿರುತ್ತದೆ, ಕರ್ನಲ್‌ಗೆ ಹೋಗಿಬರುವ ಕೋಡ್ ಇರುವ, ಮೇಲ್ತುದಿಯ ಟ್ರ್ಯಾಂಪೊಲೀನ್ ಪೇಜ್‌ನ ಕೆಳಗೆ. ಒಬ್ಬನೇ ಇದ್ದಾಗ ಚೆನ್ನಾಗಿದೆ. ಈಗ ಒಂದೇ ಪೇಜ್ ಟೇಬಲ್, ಎರಡು ಥ್ರೆಡ್, ಎರಡು ಹಾರ್ಟ್. ಎರಡಕ್ಕೂ ಒಟ್ಟಿಗೆ ಟೈಮರ್ ಇಂಟರಪ್ಟ್ ಬಂತು ಅಂದುಕೊಳ್ಳಿ. ಇಬ್ಬರೂ ತಮ್ಮ ರಿಜಿಸ್ಟರ್‌ಗಳನ್ನು ಅದೇ ಪೇಜ್‌ಗೆ ಬರೆಯುತ್ತಾರೆ. ಒಬ್ಬನ ಎಸ್‌ಪಿ ಇನ್ನೊಬ್ಬನಿಗೆ. ಆಮೇಲೆ ಆಗುವುದನ್ನು ಡಿಬಗ್ ಮಾಡಲು ಆರು ವಾರ ಸಾಲಲ್ಲ. ಪ್ರತಿ ಥ್ರೆಡ್‌ಗೂ ಬೇರೆ ಟ್ರ್ಯಾಪ್‌ಫ್ರೇಮ್ ಪೇಜ್ ಕೊಡಿ, ಒಂದರ ಕೆಳಗೆ ಒಂದು ಮ್ಯಾಪ್ ಮಾಡಿ. ಯಾರ ಅಡ್ರೆಸ್ ಯಾವುದು ಅನ್ನೋದನ್ನು ಯೂಸರ್‌ಗೆ ವಾಪಸ್ ಹೋಗುವಾಗ ಎಸ್‌ಸ್ಕ್ರ್ಯಾಚ್ ರಿಜಿಸ್ಟರ್‌ನಲ್ಲಿ ಇಟ್ಟು ಹೋಗಿ. ಟ್ರ್ಯಾಪ್ ಬಂದಾಗ ಅಲ್ಲಿಂದ ಎತ್ತಿಕೊಳ್ಳಿ.

ಎರಡನೇದು ಎಸ್‌ಬ್ರೇಕ್, ಮೆಮೊರಿ ಬೆಳೆಸುವ ಕುಗ್ಗಿಸುವ ಸಿಸ್ಟಂ ಕಾಲ್. ಮೆಮೊರಿ ಎಷ್ಟಿದೆ ಅನ್ನುವ ಎಸ್‌ಝಡ್ ಪ್ರತಿ ಪ್ರೊಕ್‌ನಲ್ಲೂ ಇದೆ. ಒಬ್ಬ ಬೆಳೆಸಿದರೆ ಇನ್ನೊಬ್ಬನಿಗೆ ಗೊತ್ತಾಗಲ್ಲ. ಹಂಚಿಕೊಂಡ ಒಂದು ಸ್ಟ್ರಕ್ಟ್ ಮಾಡಿ, ಪೇಜ್ ಟೇಬಲ್, ಎಸ್‌ಝಡ್, ಒಂದು ಲಾಕ್ ಅದರೊಳಗೆ ಇಡಿ. ಮೆಮೊರಿ ಕುಗ್ಗಿಸುವುದು ಇನ್ನೂ ಕಷ್ಟ. ಇನ್ನೊಂದು ಹಾರ್ಟ್‌ನ ಟಿಎಲ್‌ಬಿಯಲ್ಲಿ (ಪೇಜ್ ಟೇಬಲ್‌ನ ನಕಲು ಇಡುವ ಕ್ಯಾಶ್) ಹಳೇ ಮ್ಯಾಪಿಂಗ್ ಉಳಿದಿರುತ್ತದೆ. ನಿಮ್ಮ ಎಸ್‌ಫೆನ್ಸ್ ಇನ್‌ಸ್ಟ್ರಕ್ಷನ್ ತೊಳೆಯುವುದು ನಿಮ್ಮ ಹಾರ್ಟ್‌ನದ್ದು ಮಾತ್ರ. ನಾನಾದರೆ ಒಂದಕ್ಕಿಂತ ಜಾಸ್ತಿ ಥ್ರೆಡ್ ಇದ್ದಾಗ ಕುಗ್ಗಿಸಲು ಬಿಡಲ್ಲ, -1 ಕೊಟ್ಟು ಕಳಿಸುತ್ತೇನೆ.

ಮೂರನೇದು ಎಕ್ಸಿಟ್. ಅದನ್ನು ನೀವೇ ಕಂಡುಕೊಳ್ಳಿ, ಎಲ್ಲವನ್ನೂ ಹೇಳಿದರೆ ಪ್ರಾಜೆಕ್ಟ್ ನಂದಾಗುತ್ತದೆ.

ಬರೀ_ಓದುಗ
ಹಾರ್ಟ್?

ರಿಸ್ಕ್‌ಫೈವ್_ಹುಚ್ಚ
ಹಾರ್ಡ್‌ವೇರ್ ಥ್ರೆಡ್. ರಿಸ್ಕ್-ಫೈವ್‌ನವರು ಕೋರ್ ಅಂತ ಹೇಳಬೇಕಾದ ಕಡೆ ಹಾರ್ಟ್ ಅನ್ನುತ್ತಾರೆ. ಇದೂ ಒಂದು ಥ್ರೆಡ್ಡೇ, ಗೊಂದಲ ಸಾಲದು ಅಂತ.

ಹದಿನಾಲ್ಕು_ರಿಜಿಸ್ಟರ್
ಪ್ರೊಸೆಸ್‌ನ ನಕಲು ಹುಟ್ಟಿಸುವ ಫೋರ್ಕ್ ಏನು ಮಾಡುತ್ತೀರಿ? ನಾಲ್ಕು ಥ್ರೆಡ್ ಇರುವ ಪ್ರೊಸೆಸ್ ಫೋರ್ಕ್ ಆದರೆ ಮಗುವಿಗೆ ನಾಲ್ಕಾ, ಒಂದಾ?

ಪಿಐಡಿ_ಎಣಿಸುವವ
ಯುನಿಕ್ಸ್ ಥರದ ಓಎಸ್‌ಗಳ ಮಾನಕ ಪಾಸಿಕ್ಸ್ ಪ್ರಕಾರ ಒಂದು. ಕರೆದವನು ಮಾತ್ರ. ಹಾಗಾಗಿ ಬೇರೆ ಥ್ರೆಡ್ ಮೆಮೊರಿ ಕೊಡುವ ಮಲ್ಲಾಕ್‌ನ ಲಾಕ್ ಹಿಡಿದಿದ್ದರೆ ಮಗುವಿನಲ್ಲಿ ಆ ಲಾಕ್ ಮುಚ್ಚಿಯೇ ಇರುತ್ತದೆ, ಬಿಡುವವನು ಹುಟ್ಟಿಯೇ ಇಲ್ಲ.

ಲಾಕ್_ಬಿಡದವ
ನನ್ನ ಹೆಸರಿನ ಹಿಂದಿನ ಕಥೆ ಇದೇ.

ಅರೆಬರೆ_ಕರ್ನಲ್
ಹನ್ನೊಂದು ದಿನ ಆದ ಮೇಲೆ ಬಂದೆ. ಟ್ರ್ಯಾಪ್‌ಫ್ರೇಮ್ ಮುಗೀತು, ಎಸ್‌ಝಡ್ ಹಂಚಿಕೆ ಮುಗೀತು. ನಾಲ್ಕು ಥ್ರೆಡ್ ಒಂದು ಲೆಕ್ಕ ಕೂಡುವ ಪ್ರೋಗ್ರಾಮ್ ಬರೆದೆವು. ಓಡುತ್ತದೆ. ಆದರೆ ಒಂದು ಥ್ರೆಡ್ ಮುಗಿದು, ಮುಖ್ಯ ಥ್ರೆಡ್ ಅದನ್ನು ಜಾಯಿನ್ ಮಾಡಿದ (ಮುಗಿಯಲು ಕಾದು ಜಾಗ ಬಿಡಿಸಿದ) ತಕ್ಷಣ ಕ್ಯೂಎಮು ಸುಮ್ನೆ ನಿಂತುಬಿಡುತ್ತದೆ. ಪ್ಯಾನಿಕ್ ಇಲ್ಲ, ಮೆಸೇಜ್ ಇಲ್ಲ. ಡಿಬಗರ್ ಜಿಡಿಬಿ ಹಾಕಿ ಪೇಜ್ ಟೇಬಲ್ ತೆರೆದು ನೋಡಿದರೆ ಮೊದಲ ಎಂಟು ಬೈಟ್ ಬಿಟ್ಟು ಮಿಕ್ಕಿದ್ದೆಲ್ಲ 01 01 01 01. ಯಾರು ಬರೆದರು ಇದನ್ನು?

ರಿಸ್ಕ್‌ಫೈವ್_ಹುಚ್ಚ
ಬಂದಿರಾ ಮೂರನೇದಕ್ಕೆ! ಬರೆದದ್ದು ಮೆಮೊರಿ ಬಿಡುವ ಕೆಫ್ರೀ. ಬಿಟ್ಟ ಪೇಜ್‌ಗೆ ಬೇಕಂತಲೇ 1 ತುಂಬುತ್ತದೆ, ಬಿಟ್ಟ ಮೇಲೂ ಮುಟ್ಟುವವರು ಬೇಗ ಸಿಕ್ಕಿಬೀಳಲಿ ಅಂತ. ಮೊದಲ ಎಂಟು ಬೈಟ್ ಖಾಲಿ ಪಟ್ಟಿಯ ಮುಂದಿನ ಪಾಯಿಂಟರ್. ನಿಮ್ಮ ಜಾಯಿನ್ ಫ್ರೀಪ್ರೊಕ್ ಕರೆಯಿತು, ಅದು ಪೇಜ್ ಟೇಬಲ್ ಬಿಟ್ಟಿತು, ಇನ್ನೂ ಮೂವರು ಅದರ ಮೇಲೇ ನಿಂತಿದ್ದಾರೆ. ಯೂಸರ್‌ಗೆ ವಾಪಸ್ ಹೋಗಲು ಆ ಟೇಬಲ್ ಹಾಕಿದ ಕ್ಷಣ ಫಾಲ್ಟ್. ಫಾಲ್ಟ್ ನೋಡಿಕೊಳ್ಳುವ ಕೋಡ್ ಇರುವುದೂ ಅದೇ ಟೇಬಲ್‌ನಲ್ಲಿ. ಮತ್ತೆ ಫಾಲ್ಟ್. ಹಾಗೇ ಸುತ್ತುತ್ತಿದೆ, ನಿಮಗೆ ನಿಂತ ಹಾಗೆ ಕಾಣುತ್ತದೆ.

ಹಂಚಿಕೊಂಡ ಸ್ಟ್ರಕ್ಟ್‌ನಲ್ಲಿ ಒಂದು ಎಣಿಕೆ ಇಡಿ. ಕೊನೆಯವನು ಹೋಗುವಾಗ ಮಾತ್ರ ಬಿಡಿ.

ಅರೆಬರೆ_ಕರ್ನಲ್
ಎಣಿಕೆ ಹಾಕಿದೆವು. ಈಗ ನಿಲ್ಲುವುದಿಲ್ಲ, ಉತ್ತರವೂ ಸರಿ ಬರುತ್ತದೆ. ಆದರೆ ಕೊನೆಯವನು ಹೋಗುವಾಗ "ಪ್ಯಾನಿಕ್: ಫ್ರೀವಾಕ್: ಲೀಫ್".

ರಿಸ್ಕ್‌ಫೈವ್_ಹುಚ್ಚ
ಅಂದರೆ ಟೇಬಲ್‌ನಲ್ಲಿ ಇನ್ನೂ ಮ್ಯಾಪಿಂಗ್ ಉಳಿದಿದೆ. ಉಳಿದ ಮೂವರ ಟ್ರ್ಯಾಪ್‌ಫ್ರೇಮ್ ಮ್ಯಾಪಿಂಗ್ ತೆಗೆದಿದ್ದೀರಾ?

ಅರೆಬರೆ_ಕರ್ನಲ್
...ಇಲ್ಲ.

ಅರೆಬರೆ_ಕರ್ನಲ್
ತೆಗೆದೆವು. ಮೂರು ಹಾರ್ಟ್‌ನಲ್ಲಿ ಸಾವಿರ ಸಲ ಓಡಿಸಿದೆವು, ಬಿದ್ದಿಲ್ಲ. ಇನ್ನೂ ನಾಲ್ಕು ವಾರ ಉಳಿದಿದೆ. ಇದರ ಮೇಲೆ ಒಂದು ಪುಟ್ಟ ಎಂ:ಎನ್ ಲೈಬ್ರರಿ ಬರೆದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ.

ಹಳೇ_ಪೇಜ್‌ಟೇಬಲ್
ಯಾರಾದರೂ ಇವರ ಕೈ ಹಿಡಿಯಿರಿ.

ಗೋರೂಟಿನ್_ಗೆಳತಿ
ಬರೆಯಿರಿ ಬರೆಯಿರಿ, ನಾನಿದ್ದೇನೆ.